ಟಾರ್ಚ್ ಯಾರ ಕೈಗೆ

ಮೂರು ಅಂಗಡಿ ಸುತ್ತಿದ ಮೇಲೆ ಮಾವ, ಸೊಸೆ ನಾಲ್ಕನೆಯದರ ಮೆಟ್ಟಿಲು ಹತ್ತಿದರು. ಮನೆಯ ಹಿಂದಿನ ಶೆಡ್ಡಿಗೆ ಕಬ್ಬಿಣ ಕತ್ತರಿಸುವ ಒಂದು ಪ್ಲಾಸ್ಮಾ ಕಟರ್ ಬೇಕಿತ್ತು. ಅಗ್ಗದ್ದಾಗಬೇಕು, ಆದರೆ ಆರು ತಿಂಗಳಿಗೇ ಕೈಕೊಡುವಂಥದ್ದಾಗಬಾರದು.

ಆ ಶೆಡ್ಡಿನಲ್ಲಿ ಗೇಟು, ಕಿಟಕಿ ಜಾಲರಿ ಮಾಡುತ್ತ ಮಾವ ನಲವತ್ತು ವರ್ಷ ಕಳೆದಿದ್ದರು. ಕಬ್ಬಿಣ ಕತ್ತರಿಸುವುದೆಲ್ಲ ಗ್ಯಾಸಿನಲ್ಲಿ. ಆಳೆತ್ತರದ ಸಿಲಿಂಡರನ್ನು ಓರೆ ಮಾಡಿ, ಬುಡದ ಮೇಲೆ ಉರುಳಿಸಿಕೊಂಡು ಒಳಗೆ ತರುತ್ತಿದ್ದವನು ಮಗ. ಎಂಟು ತಿಂಗಳ ಹಿಂದೆ ನಾಲ್ಕು ದಿನದ ಜ್ವರಕ್ಕೆ ಅವನು ಹೋದ. ಆಮೇಲೆ ಸಿಲಿಂಡರ್ ಮುಟ್ಟುವವರಿಲ್ಲ. ಪ್ಲಾಸ್ಮಾಕ್ಕೆ ಸಿಲಿಂಡರ್ ಬೇಡ, ಕರೆಂಟು ಮತ್ತು ಗಾಳಿ ಇದ್ದರೆ ಸಾಕು ಎಂದು ಓದಿ ತಿಳಿದು ಹೇಳಿದವಳು ಸೊಸೆ. ಮಾವ ಹೂಂ ಅಂದರು. ಕತ್ತರಿಸುವುದನ್ನು ನಾನು ಕಲಿಯುತ್ತೇನೆ ಎಂದಾಗ ಮಾತ್ರ ತಲೆ ಅಲ್ಲಾಡಿಸಿದ್ದರು.

"ನಾನಿರೋವಾಗ ನೀನ್ಯಾಕಮ್ಮ ಬೆಂಕಿ ಹತ್ರ ಬರ್ಬೇಕು? ನೀನು ಡಿಸೈನ್ ಬರಿ, ಸಾಕು."

ಬಹಳ ಮೆತ್ತಗೆ ಹೇಳಿದ್ದರು. ಈ ಎಂಟು ತಿಂಗಳು ಮಾವ ಅವಳೊಂದಿಗೆ ಆಡಿದ ಮಾತೆಲ್ಲ ಹಾಗೇ, ಮನೆಗೆ ಬಂದ ನೆಂಟರೊಂದಿಗೆ ಆಡಿದಂತೆ. ಊಟ ಆಯ್ತಾ ತಾಯಿ. ಫ್ಯಾನ್ ಹಾಕ್ಲಾ ತಾಯಿ. ನೆಂಟರೆಂದರೆ ಇಂದಲ್ಲ ನಾಳೆ ಹೊರಡಬೇಕಾದವರು. ಅವಳಿಗೆ ಹೊರಡುವ ಮನಸ್ಸಿರಲಿಲ್ಲ. ಇರುವುದಕ್ಕೆ ಒಂದು ಕೆಲಸ ಬೇಕಿತ್ತು, ಬೇರೇನೂ ತೋಚದಷ್ಟು ಕೈತುಂಬ.

ಅಂಗಡಿಯವನಿಗೆ ಆ ಬೀದಿಯಲ್ಲಿ ಪಟಾಕಿ ಎಂದು ಹೆಸರು. ಕಿಡಿ ಹಾರುವ ಸಾಮಾನು ಮಾರುತ್ತಿದ್ದ ಎಂದಲ್ಲ, ಬಾಯಿ ಹಾಗಿತ್ತು.

"ಬನ್ನಿ ಯಜಮಾನ್ರೆ, ಇದು ತಗೊಳ್ಳಿ. ಗಾಳಿ ಕೊಡೋ ಕಂಪ್ರೆಸರ್ ಒಳಗೇ ಇದೆ. ಹನ್ನೆರಡು ಎಂಎಂ ಪ್ಲೇಟು, ಬೆಣ್ಣೆ ಕೊಯ್ದ ಹಾಗೆ."

"ಹನ್ನೆರಡು ನೀಟಾಗಿ ಕಟ್ ಆಗುತ್ತಾ, ಬರೀ ತುಂಡಾಗುತ್ತಾ?" ಸೊಸೆ ಕೇಳಿದಳು.

ಪಟಾಕಿ ತಲೆ ಕೆರೆದುಕೊಂಡ. "ತುಂಡಾಗುತ್ತೆ ಅಕ್ಕ. ನೀಟು ಅಂದ್ರೆ... ಆರು."

"ಒಳಗಿರೋ ಕಂಪ್ರೆಸರ್ ಕೆಟ್ರೆ?"

"ಮೆಷಿನ್ನೇ ಬಿಚ್ಚಬೇಕು."

"ಹಾಗಾದ್ರೆ ಬೇಡ. ಪೇಂಟ್ ಹೊಡೆಯೋ ಕಂಪ್ರೆಸರ್ ಮನೇಲಿದೆ. ಅದಕ್ಕೆ ಹೊಂದೋದು ತೋರ್ಸಿ. ನಮ್ದು ಸಿಂಗಲ್ ಫೇಸು."

"ಯಜಮಾನ್ರೆ, ನಿಮ್ಮ ಸೊಸೆ ನನ್ನ ಅಂಗಡಿ ಮುಚ್ಚಿಸ್ತಾರೆ," ಎನ್ನುತ್ತ ಅವನು ಕೆಳಗಿನ ಹಲಗೆಯಿಂದ ಇನ್ನೊಂದನ್ನು ಎಳೆದ. ಬೆಲೆಯೂ ಕಡಿಮೆ, ಒಬ್ಬರೇ ಎತ್ತುವಷ್ಟು ಹಗುರ. ಬೆಂಕಿ ಬರುವ ತುದಿ, ಅಂದರೆ ನಾಜಲ್, ಎಲ್ಲ ಕಡೆ ಸಿಗುತ್ತದೆ. ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಮಾತ್ರ ಬೇಗ ಹಾಳಾಗುತ್ತದೆ, ಒಂದು ಫಿಲ್ಟರ್ ಹಾಕಿಸಬೇಕು. "ಹತ್ತು ನಿಮಿಷದಲ್ಲಿ ಆರು ನಿಮಿಷ ಓಡುತ್ತೆ. ಮಿಕ್ಕ ನಾಲ್ಕು ನಿಮಿಷ ಅದು ತಣ್ಣಗಾಗುತ್ತೆ, ನೀವು ಟೀ ಕುಡೀರಿ."

"ದಿನಕ್ಕೆ ಮೂವತ್ತು ಟೀ ಆಯ್ತಲ್ಲೋ," ಎಂದರು ಮಾವ. "ಮೆಷಿನ್ ಉಳಿಯುತ್ತೆ, ನಾನು ಹೋಗ್ತೀನಿ."

ಹೇಳಿದ ಮೇಲೆ ಅವರಿಗೇ ಆ ಮಾತು ಇರುಸುಮುರುಸಾಯಿತು. ಸೊಸೆ ಮೆಷಿನ್ನಿನ ಹಿಂಬದಿಯ ಬರಹ ಓದುತ್ತಿದ್ದವಳು ಓದುತ್ತಲೇ ಇದ್ದಳು.

ಅಂಗಡಿಯ ಹಿತ್ತಲಿನಲ್ಲಿ ಪರೀಕ್ಷೆಗೆಂದು ಕಬ್ಬಿಣದ ಮೇಜಿತ್ತು. ಪಟಾಕಿ ಅದರ ಮೇಲೊಂದು ಪ್ಲೇಟು ಇಟ್ಟ. ಮಾವ ಕಪ್ಪು ಕನ್ನಡಕ ಏರಿಸಿ, ಮೆಷಿನ್ನಿನ ಬೆಂಕಿ ಉಗುಳುವ ಟಾರ್ಚನ್ನು ಪ್ಲೇಟಿನ ಅಂಚಿಗೆ ತಂದು ಗುಂಡಿ ಒತ್ತಿದರು. ನೀಲಿ ಬೆಳಕು ಚಿಮ್ಮಿತು. ಮಾವ ಅಲ್ಲೇ ನಿಂತರು.

ಗ್ಯಾಸಿನಲ್ಲಿ ಹಾಗೇ ನಿಲ್ಲಬೇಕು. ಕಬ್ಬಿಣ ಕೆಂಪಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಸಾಗಬೇಕು. ಇದು ಕಾಯುವ ಬೆಂಕಿಯಲ್ಲ. ನಿಂತಲ್ಲೇ ಅಂಚನ್ನು ತಿಂದು, ಮುಂದೆ ಕಬ್ಬಿಣ ಸಿಗದೆ ಪಟ್ಟನೆ ಆರಿತು.

"ನಿಲ್ಲಬೇಡಿ ಯಜಮಾನ್ರೆ, ಹೊತ್ತಿದ ತಕ್ಷಣ ಹೊರಡಬೇಕು."

"ಗೊತ್ತಾಯ್ತು ಬಿಡು."

ಎರಡನೆಯ ಸಲವೂ ನಿಂತರು. ಮೂರನೆಯ ಸಲ ಹಲ್ಲು ಕಚ್ಚಿ ಒಂದಿಂಚು ಸಾಗಿ, ಮತ್ತೆ ನಿಂತರು. ಪ್ಲೇಟಿನ ಅಂಚು ಇಲಿ ಕಡಿದಂತಾಗಿತ್ತು. ಮಾವ ಕನ್ನಡಕ ತೆಗೆದು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

"ತಲೆಗೆ ತಿಳೀತು. ಕೈ ಕೇಳ್ತಿಲ್ಲ," ಎಂದರು.

ಸೊಸೆ ಕೈಗಳನ್ನು ಹಿಂದೆ ಕಟ್ಟಿಕೊಂಡಳು. ಕೊಡಿ ಎಂದರೆ ಕಿತ್ತುಕೊಂಡ ಹಾಗೆ. ಕೊನೆಗೆ ಮಾವ, ಅವಳ ಕಡೆ ನೋಡದೆ, ಕನ್ನಡಕವನ್ನೂ ಟಾರ್ಚನ್ನೂ ಚಾಚಿದರು.

ಅವಳ ಕೈಗೆ ಮರೆಯಬೇಕಾದ್ದೇನೂ ಇರಲಿಲ್ಲ. ಹೊತ್ತಿತು, ಹೊರಟಳು. ಪ್ಲೇಟಿನ ಕೆಳಗೆ ಕಿಡಿಗಳು ಮಳೆಯಂತೆ ಸುರಿದವು. ಒಂದು ಗೇಣಿನ ಪಟ್ಟಿ ಕಳಚಿ ಠಣ್ಣನೆ ಬಿತ್ತು. ಅವಳಿಗೆ ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ.

ಪಟ್ಟಿ ತಣ್ಣಗಾದ ಮೇಲೆ ಮಾವ ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು.

"ಏನಿದು? ಮೊದಲರ್ಧ ನೆಟ್ಟಗಿದೆ, ಆಮೇಲೆ ಯಾರು ಅಟ್ಟಿಸಿಕೊಂಡು ಬಂದ್ರು? ಭುಜ ಎತ್ತಿದ್ದೀಯ. ಮೊಣಕೈ ಮೇಜಿಗೆ ಊರು ಅಂತ ಬೇರೆ ಹೇಳ್ಬೇಕಾ? ಕಣ್ಣಿಲ್ವಾ ನಿಂಗೆ?"

ಶೆಡ್ಡಿನಿಂದ ಅಡುಗೆಮನೆಗೆ ಕೇಳಿಬರುತ್ತಿದ್ದ ಬೈಗುಳ ಇದೇ. ಹೀಗೆ ಬೈಸಿಕೊಂಡ ಗಂಡ ಊಟಕ್ಕೆ ಬಂದು, ಅಪ್ಪನ ದನಿಯಲ್ಲೇ ಅದನ್ನು ಒಪ್ಪಿಸಿ ಅವಳನ್ನು ನಗಿಸುತ್ತಿದ್ದ. ಕಪ್ಪು ಕನ್ನಡಕ ಇನ್ನೂ ಅವಳ ಕಣ್ಣ ಮೇಲಿದ್ದದ್ದು ಒಳ್ಳೆಯದಾಯಿತು.

"ಇನ್ನೊಂದ್ಸಲ ಮಾಡ್ತೀನಿ ಮಾವ."

"ಮಾಡ್ದೆ ಇನ್ನೇನು."

ಎರಡನೆಯದು ನೆಟ್ಟಗೆ ಬಂತು. ಪಟಾಕಿ ರಸೀದಿ ಬರೆಯಲು ಒಳಗೆ ಹೋದ ಮೇಲೆ ಮಾವನ ದನಿ ತಗ್ಗಿತು.

"ನಿಂಗೇನಾದ್ರೂ ಆದ್ರೆ..."

"ಆಗಲ್ಲ ಅಂತ ಹೇಳೋಕಾಗಲ್ಲ ಮಾವ. ಹುಷಾರಾಗಿರ್ತೀನಿ."

ಅವರು ಪಟ್ಟಿಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಒಳಗೆ ಹೋಗಿ, ಗಾಜಿನ ಕಪಾಟಿನ ಮುಂದೆ ನಿಂತರು.

"ಚರ್ಮದ ಗ್ಲೌಸು ಕೊಡಪ್ಪ. ಸಣ್ಣ ಸೈಜು."

"ಸಣ್ಣದು ಯಾರೂ ಕೇಳಲ್ಲ ಯಜಮಾನ್ರೆ, ತರಿಸ್ಬೇಕು. ಒಂದು ವಾರ ಆಗುತ್ತೆ."

"ತರಿಸು. ಎರಡು ಜೊತೆ," ಎಂದರು ಮಾವ. ಅಳತೆಗೆಂದು ಸೊಸೆಯ ಕೈಯನ್ನು ಎಳೆದು ಗಾಜಿನ ಮೇಲಿಟ್ಟರು. "ಬೆರಳು ಅಗಲಿಸು. ಅಷ್ಟೂ ಗೊತ್ತಾಗಲ್ವಾ?"