ಜಗಳವಿಲ್ಲದ ತೊಟ್ಟಿ

ಕಡಲಿನ ಜೀವಿಗಳಿಗೆ ಗಾಜಿನ ತೊಟ್ಟಿಯೊಳಗೆ ಸಂಸಾರ ಹೂಡಿಕೊಡುವುದು ನನ್ನ ಕಸುಬು. ಮನೆಮನೆಗೆ ಹೋಗಿ ಉಪ್ಪುನೀರು ಬೆರೆಸುತ್ತೇನೆ, ಕಲ್ಲು ಜೋಡಿಸುತ್ತೇನೆ, ಯಾರ ಜೊತೆ ಯಾರನ್ನು ಬಿಡಬಹುದು, ಯಾರನ್ನು ಬಿಡಬಾರದು ಎಂದು ಹೇಳುತ್ತೇನೆ. ಹೇಳಿದ್ದು ಕೇಳದವರ ಮೇಲೆ ರೇಗುತ್ತೇನೆ. ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಎಂದು ನಮ್ಮಕ್ಕ ಹೇಳುತ್ತಿದ್ದಳು. ಇರಲಿ ಬಿಡಿ, ಮೂಗು ನನ್ನದು, ಸಿಟ್ಟೂ ನನ್ನದು. ಈಗ ಹಾಗೆ ಹೇಳಲು ಅಕ್ಕನೂ ಇಲ್ಲ.

ರೆಫ್ರಿ ಸಾರ್ ಮನೆಗೆ ನಾನು ಮೊದಲು ಹೋದದ್ದು ಅವರ ಮೊಣಕಾಲು ಕೈಕೊಟ್ಟ ಮೇಲೆ. ಜೀವಮಾನವೆಲ್ಲ ಫುಟ್‌ಬಾಲ್ ಮೈದಾನದಲ್ಲಿ ಸೀಟಿ ಊದುತ್ತಾ ಓಡಿದವರು, ಡಾಕ್ಟರು ಓಡಬೇಡಿ ಎಂದ ದಿನದಿಂದ ಮೂರನೇ ಮಹಡಿಯ ಮನೆಯಲ್ಲಿ ಕೂತುಬಿಟ್ಟಿದ್ದರು. ಮದುವೆಯಾಗಿರಲಿಲ್ಲ. ಬಾಗಿಲ ಹಿಂದೆ ಒಂದು ಕೊಡೆ, ಒಂದು ಜೊತೆ ಚಪ್ಪಲಿ, ಅಡುಗೆಮನೆಯಲ್ಲಿ ಒಂದೇ ಒಂದು ಕಪ್ಪು. ಎರಡನೆಯ ಸಲ ಹೋದಾಗ ಕಪ್ಪುಗಳು ಎರಡಾಗಿದ್ದವು. ನನಗೆ ಚಹಾ ಕೊಟ್ಟ ಕಪ್ಪಿನ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಮೀನು ಬೇಡ ಕಣಮ್ಮ," ಎಂದಿದ್ದರು. "ಮೀನು ಸುಮ್ನೆ ಅತ್ತಿಂದಿತ್ತ ಓಡಾಡ್ತವೆ. ನಂಗೆ ತಮ್ಮ ಪಾಡಿಗೆ ತಾವು ಕೆಲಸ ಮಾಡ್ಕೊಂಡಿರೋ ಜೀವಗಳು ಬೇಕು. ಜಗಳ ಮಾತ್ರ ಆಡಬಾರ್ದು. ಜಗಳ ನೋಡಿ ನೋಡಿ ಸಾಕಾಗಿದೆ ನಂಗೆ."

ಬೆನ್ನುಮೂಳೆ ಇಲ್ಲದ ಜೀವಿಗಳಲ್ಲವೇ, ಪಾಪದವು ಎಂದು ಜನ ತಿಳಿದಿರುತ್ತಾರೆ. ಎಲ್ಲಿಯ ಪಾಪ! ಬಸವನಹುಳು ಒಂದು ಸಾಧು, ಗಾಜಿನ ಮೇಲಿನ ಪಾಚಿ ಮೇಯ್ದುಕೊಂಡಿರುತ್ತದೆ. ಸನ್ಯಾಸಿ ಏಡಿಯ ಹೆಸರು ಕೇಳಿ ಮೋಸಹೋಗಬೇಡಿ, ಅದರ ಕಣ್ಣೆಲ್ಲ ಪಕ್ಕದವರ ಮನೆಯ ಮೇಲೆ. ಮೈ ಬೆಳೆದು ಚಿಪ್ಪು ಬಿಗಿಯಾಯಿತೋ, ಬಸವನಹುಳುವನ್ನು ಕೊಂದು ಅದರ ಚಿಪ್ಪಿಗೆ ನುಗ್ಗುತ್ತದೆ. ಅದಕ್ಕೇ ಖಾಲಿ ಚಿಪ್ಪುಗಳನ್ನು ಮೊದಲೇ ತಂದು ಹಾಕಬೇಕು. ಮೈತುಂಬ ಮುಳ್ಳಿನ ಕಡಲಚೆಂಡು ಹವಳವನ್ನೆಲ್ಲ ಉರುಳಿಸಿಕೊಂಡು ಹೋಗುತ್ತದೆ, ಬೇಡ. ಹೂವಿನ ಹಾಗೆ ಕಾಣುವ ಅನಿಮೋನ್ ಜಾಗ ಬದಲಿಸುತ್ತಾ ಸಿಕ್ಕವರನ್ನೆಲ್ಲ ಕುಟುಕುತ್ತದೆ, ಅದೂ ಬೇಡ. ಪಟ್ಟೆಪಟ್ಟೆಯ ಬಾಕ್ಸರ್ ಸೀಗಡಿಗೆ ಇನ್ನೊಂದು ಸೀಗಡಿಯನ್ನು ಕಂಡರಾಗದು, ಅದರ ಹೆಸರೇ ಎತ್ತಬೇಡಿ ಎಂದೆ. ಹೀಗೆ ಒಂದೊಂದನ್ನೇ ಅಳೆದು ಸುರಿದು ತೊಟ್ಟಿ ತುಂಬಿಸಿದೆ. ಕೊನೆಗೆ ಬಂದವು ಕೊಳವೆಯೊಳಗಿಂದ ಬೀಸಣಿಗೆಯಂಥ ತಲೆ ಚಾಚಿ ನಿಲ್ಲುವ ಹುಳುಗಳು. ರೆಫ್ರಿ ಸಾರ್ ಅವುಗಳಿಗೆ ಪ್ರೇಕ್ಷಕರು ಎಂದು ಹೆಸರಿಟ್ಟರು. ನನ್ನನ್ನು, ಮೈದಾನದ ಗೆರೆಯಲ್ಲಿ ಬಾವುಟ ಹಿಡಿದು ರೆಫ್ರಿಗೆ ನೆರವಾಗುವವರ ಹಾಗೆ, ಲೈನ್ಸ್‌ಮನ್ ಎಂದು ಕರೆಯತೊಡಗಿದರು.

ಅವರ ಜೀವವೆಲ್ಲ ಇದ್ದದ್ದು ಮಾತ್ರ ನರ್ಸಮ್ಮನ ಮೇಲೆ. ಕೆಂಪು ಬೆನ್ನು, ಅದರ ನಡುವೆ ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ, ಒಂಟಿ ಸೀಗಡಿ. ನೀರಿಗೆ ಕೈ ಇಟ್ಟರೆ ಹತ್ತಿ ಕೂತು ಉಗುರಿನ ಸಂದುಗಳನ್ನು ಹೆಕ್ಕಿ ಶುಚಿ ಮಾಡುತ್ತಿತ್ತು. ಎಷ್ಟೋ ಕಾಲದಿಂದ ಯಾರೂ ಹಿಡಿಯದ ಕೈಯನ್ನು ಅದು ಹಿಡಿದುಕೊಂಡಾಗ ರೆಫ್ರಿ ಸಾರ್ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

ಅದು ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಫೋನು. "ನರ್ಸಮ್ಮ ಹೋಗ್ಬಿಟ್ಳು!" ಎದ್ದೆನೋ ಬಿದ್ದೆನೋ ಎಂದು ಓಡಿಹೋದೆ. ಮರಳಿನ ಮೇಲೆ ಸೀಗಡಿಯ ಆಕಾರ, ಕಾಲು ಮೀಸೆ ಸಮೇತ. ಎತ್ತಿ ಅಂಗೈ ಮೇಲಿಟ್ಟು ತೋರಿಸಿದೆ, ಆಚೆಗಿನ ಕೈಗೆರೆ ಕಾಣುವಷ್ಟು ತೆಳು. "ಸತ್ತಿಲ್ಲ ಸಾರ್. ಮೈ ಬೆಳೆದಿದೆ, ಹಳೇ ಅಂಗಿ ಕಳಚಿ ಹಾಕಿದಾಳೆ. ಹೊಸ ಮೈ ಗಟ್ಟಿಯಾಗೋವರೆಗೂ ಕಲ್ಲಿನ ಸಂದೀಲಿ ಅಡಗಿರ್ತಾಳೆ. ಇನ್ನು ತಿಂಗಳು ತಿಂಗಳೂ ಇದೇ ಕಥೆ."

"ಮೈದಾನದಲ್ಲಿ ಅಂಗಿ ಬಿಚ್ಚಿದ್ರೆ ನಮ್ಮಲ್ಲಿ ಯೆಲ್ಲೋ ಕಾರ್ಡು," ಎಂದು ಕಣ್ಣೊರೆಸಿಕೊಂಡು ನಕ್ಕರು. ಅವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ತೊಟ್ಟಿ ಕುದುರಿತು. ಎಲ್ಲರೂ ತಮ್ಮ ತಮ್ಮ ಪಾಡಿಗೆ. ನಾನು ಜಂಬದಿಂದಲೇ ಹೇಳಿದೆ, "ಇನ್ನು ವಾರ ವಾರ ಬರೋ ಕೆಲಸವಿಲ್ಲ ಸಾರ್. ಎರಡು ತಿಂಗಳಿಗೊಂದು ಸಲ ಬಂದ್ರೆ ಧಾರಾಳ."

"ಓ," ಎಂದರು. ಆಮೇಲೆ, "ಒಳ್ಳೇದಾಯ್ತು ಬಿಡಿ," ಎಂದರು. ನಾನು ಚಹಾ ಮುಗಿಸಿ ಹೊರಟೆ.

ಅದಾದ ಮೇಲೆ ಶುರುವಾಯಿತು. "ಲೈನ್ಸ್‌ಮನ್ನವರೇ, ಪ್ರೇಕ್ಷಕರು ಕಮ್ಮಿ ಆಗ್ತಿದಾರೆ." ಹೋಗಿ ನೋಡಿದರೆ ಬೀಸಣಿಗೆ ಹುಳುವಿನ ಬರೀ ಕೊಳವೆ ನಿಂತಿದೆ, ತಲೆ ಇಲ್ಲ. ನೀರು ಪರೀಕ್ಷಿಸಿದೆ, ಉಪ್ಪು ಸರಿಯಾಗಿತ್ತು. ಮುಂದಿನ ವಾರ ಇನ್ನೊಂದು. ಕಲ್ಲಿನ ಜೊತೆ ಯಾವನೋ ಕಳ್ಳ ಬಂದು ಸೇರಿದ್ದಾನೆ ಎಂದು ಒಂದೊಂದೇ ಕಲ್ಲನ್ನು ಎತ್ತಿ ತೊಳೆದೆ. ಯಾರೂ ಸಿಗಲಿಲ್ಲ. ನಾನು ಮಂಡಿಯೂರಿ ಹುಡುಕುವಾಗ ರೆಫ್ರಿ ಸಾರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ಆಟಗಳ ಕಥೆ ಹೇಳುತ್ತಿದ್ದರು. ನಾನು ಹೊಂದಿಸಿದ ತೊಟ್ಟಿಯಲ್ಲಿ ಕೊಲೆ! ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಜೀವಿಗಳನ್ನು ಮಾರುವ ಅಂಗಡಿಯಲ್ಲಿ. "ನಿಮ್ಮ ರೆಫ್ರಿ ಬಂದಿದ್ರಲ್ಲಮ್ಮ, ಆಗಲೇ ಎಷ್ಟೋ ದಿನವಾಯ್ತು," ಎಂದ ಅಂಗಡಿಯವನು. "ಜೇಡನ ಥರ ಉದ್ದುದ್ದ ಕಾಲಿನ ಏಡಿ ಇದೆಯಲ್ಲ, ಅದನ್ನ ಒಯ್ದರು. ಅದು ಬೀಸಣಿಗೆ ಹುಳ ತಿನ್ನುತ್ತೆ ಸಾರ್ ಅಂದೆ. ಗೊತ್ತು ಅಂದ್ರು."

ಫೋನು ಗೀನು ಏನೂ ಮಾಡದೆ ನೇರವಾಗಿ ನುಗ್ಗಿದೆ. ಕಲ್ಲಿನ ತುದಿಯಲ್ಲಿ ಏಡಿ ರಾಜನ ಹಾಗೆ ಕೂತಿತ್ತು, ಚಿಮಟದಂಥ ಕೈಯಲ್ಲಿ ಹುಳುವಿನ ಬೀಸಣಿಗೆಯ ಚೂರು. ತೊಟ್ಟಿಯ ಪಕ್ಕದಲ್ಲೇ ಉಪ್ಪುನೀರು ತುಂಬಿದ ಡಬ್ಬಿ, ನಾನು ಬರುವ ಮುಂಚೆ ಏಡಿಯನ್ನು ಬಚ್ಚಿಡಲು.

"ಏನ್ ಸಾರ್ ಇದು?"

"ಏಡಿ," ಎಂದರು, ಹುಡುಗರ ಹಾಗೆ.

"ಏಡಿ ಅಂತ ನಂಗೂ ಕಾಣುತ್ತೆ! ಯಾಕೆ ತಂದ್ರಿ?"

"ಜಗಳ ಇಲ್ದಿದ್ರೆ ನೀವು ಬರಲ್ಲ ಅಂದ್ರಲ್ಲ." ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾ ಮುಂದುವರಿಸಿದರು. "ಆಟ ಮುಗಿದ್ಮೇಲೆ ಗೆದ್ದವರು ಒಂದು ಬಸ್ಸು ಹತ್ತೋರು, ಸೋತವರು ಇನ್ನೊಂದು. ನಾನು ಬ್ಯಾಗು ಹಾಕ್ಕೊಂಡು ನಡೀತಿದ್ದೆ. ರೆಫ್ರಿಗೆ ಸ್ನೇಹಿತರಿರಬಾರ್ದು, ಇದ್ರೆ ಜನಕ್ಕೆ ಅನುಮಾನ. ಹಾಗೇ ಅಭ್ಯಾಸ ಆಗೋಯ್ತು. ಕರೆಯೋದು ಹೇಗೆ ಅಂತ ಕಲೀಲೇ ಇಲ್ಲ."

"ನಿಮಗೆ ಮಾತಾಡೋಕೆ ಜನ ಬೇಕು ಅಂತ ಆ ಹುಳಗಳು ಸಾಯ್ಬೇಕಾ? ಬನ್ನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಏನಂತ ಹೇಳ್ಲಿ? ಕೆಲಸ ಏನಿಲ್ಲ, ಸುಮ್ನೆ ಬನ್ನಿ ಅಂದ್ರೆ ಬರ್ತಿದ್ರಾ?"

ಬರುತ್ತಿರಲಿಲ್ಲ. ಮುದುಕರಿಗೆ ತಲೆ ಕೆಟ್ಟಿದೆ ಎಂದುಕೊಂಡು ಬೇರೆ ಯಾರನ್ನಾದರೂ ಕಳಿಸುತ್ತಿದ್ದೆ. ಅದು ಹೊಳೆದದ್ದಕ್ಕೇ ಸಿಟ್ಟು ಇನ್ನಷ್ಟು ನೆತ್ತಿಗೇರಿತು. ಏಡಿಯನ್ನು ಡಬ್ಬಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೂಗಿದೆ, "ಇನ್ಮೇಲೆ ಏನಾದ್ರೂ ಸತ್ರೆ ಮಾತ್ರ ಫೋನ್ ಮಾಡಿ!"

ಆ ಏಡಿಗೆ ಬೇರೆ ತೊಟ್ಟಿ ಹುಡುಕುವವರೆಗೂ ಎಂದು ಒಂದು ಪುಟ್ಟ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಕೋಣೆಯಲ್ಲೇ ಇಟ್ಟುಕೊಂಡೆ, ಅಕ್ಕನ ಮಂಚ ಇದ್ದ ಜಾಗದಲ್ಲಿ. ಸಂಜೆ ಬಂದು ಅದಕ್ಕೊಂದು ಚೂರು ಮೀನಿನ ಮಾಂಸ ಹಾಕಿ, "ನಿನ್ನಿಂದಲೇ ಎಲ್ಲ ಆಗಿದ್ದು, ತಿನ್ನು," ಎಂದು ಬೈಯುತ್ತಿದ್ದೆ. ಅದು ತಿನ್ನುತ್ತಿತ್ತು. ಅಕ್ಕನಾಗಿದ್ದರೆ ಒಂದಕ್ಕೆ ನಾಲ್ಕು ತಿರುಗಿ ಅನ್ನುತ್ತಿದ್ದಳು. ರೇಗುವುದಕ್ಕೂ ಒಬ್ಬರು ಬೇಕು, ಅದು ನನಗೆ ಆ ಕೋಣೆಯಲ್ಲಿ ಚೆನ್ನಾಗಿ ಅರ್ಥವಾಯಿತು.

ಫೋನು ಬರಲಿಲ್ಲ. ಒಳ್ಳೆಯದೇ, ಯಾರೂ ಸತ್ತಿಲ್ಲ ಎಂದಾಯಿತು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲಸವಿಲ್ಲದ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಮ್ಮೆ ಅಂಗಡಿಯವನ ಫೋನಿನಿಂದ ನನ್ನ ಫೋನಿಗೇ ಕರೆಮಾಡಿ ನೋಡಿದೆ, ಕೆಟ್ಟಿದೆಯೋ ಏನೋ ಎಂದು. ಹಾಳಾದ್ದು ಚೆನ್ನಾಗಿಯೇ ಬಡಿದುಕೊಂಡಿತು. ನಾನೇ ಹೋಗಿಬಿಡೋಣ ಎಂದು ಎರಡು ಸಲ ಅವರ ಬೀದಿಯ ತಿರುವಿನವರೆಗೂ ಹೋದೆ. ಏನಂತ ಹೋಗಲಿ? ಕೆಲಸ ಏನಿಲ್ಲ, ಸುಮ್ನೆ ಬಂದೆ ಎನ್ನಲು ನನಗೂ ಬಾಯಿ ಬರಲಿಲ್ಲ. ವಾಪಸು ಬಂದೆ.

ಕೊನೆಗೊಂದು ಬೆಳಿಗ್ಗೆ ಫೋನು ಬಂತು.

"ನಾನು," ಎಂದರು. ಗಂಟಲು ಕೆರೆದುಕೊಂಡರು. "ನರ್ಸಮ್ಮ ಹೋಗ್ಬಿಟ್ಳು. ಸತ್ರೆ ಮಾತ್ರ ಫೋನ್ ಮಾಡಿ ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ಮಾಡ್ದೆ."

ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದೆ. ಏಡಿಯೇನಾದರೂ ಗಾಯ ಮಾಡಿತ್ತೇ, ನಾನು ಸಿಟ್ಟಿನಲ್ಲಿ ನೋಡದೆ ಹೋದೆನೇ? ರೆಫ್ರಿ ಸಾರ್ ತಲೆ ಬಾಚಿಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಮೇಜಿನ ಮೇಲೆ ತಟ್ಟೆ. ಅದರಲ್ಲಿ ಒದ್ದೆ ಹತ್ತಿಯ ಮೇಲೆ ಮೀಸೆ ನೀವಿ ಮಲಗಿಸಿದ ಸೀಗಡಿ.

ಬಗ್ಗಿ ನೋಡಿದೆ. ಅದರ ಮೈಯ ಮೂಲಕ ಹತ್ತಿಯ ಎಳೆಗಳು ಕಾಣುತ್ತಿದ್ದವು. ಒಳಗೆ ಯಾರೂ ಇರಲಿಲ್ಲ.

ತಲೆ ಎತ್ತಿದೆ. ರೆಫ್ರಿ ಸಾರ್ ತೊಟ್ಟಿಗೆ ಬೆನ್ನು ಕೊಟ್ಟು, ಇದ್ದಷ್ಟು ಅಗಲವಾಗಿ ಅಡ್ಡ ನಿಂತಿದ್ದರು. ಮೈದಾನದಲ್ಲಿ ಬಿದ್ದ ಹಾಗೆ ನಾಟಕವಾಡುವವರನ್ನು ಜೀವಮಾನವೆಲ್ಲ ಹಿಡಿದ ಮನುಷ್ಯ, ತಾನೇ ನಾಟಕವಾಡುವಾಗ ಮಾತ್ರ ಎಷ್ಟು ದಡ್ಡ! ಅವರ ಮೊಣಕೈ ಸಂದಿನಿಂದ ನನಗೆ ಕಲ್ಲಿನ ಬಿರುಕು ಕಾಣುತ್ತಿತ್ತು. ಬಿರುಕಿನಿಂದ ಎರಡು ಬಿಳಿ ಮೀಸೆ ಹೊರಬಂದು ನೀರನ್ನು ಮೆಲ್ಲಗೆ ತಡವುತ್ತಿದ್ದವು.

ಸಿಟ್ಟು ಮೂಗಿನ ತುದಿಯವರೆಗೆ ಬಂತು. ಬಂದು ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ತುಂಬಿದ್ದು ಓಡಿ ಬಂದ ದಣಿವಿಗೆ ಎಂದುಕೊಂಡೆ, ಅದು ಸುಳ್ಳು. ಕುರ್ಚಿ ಎಳೆದುಕೊಂಡು ಕೂತೆ.

"ಛೇ," ಎಂದೆ. "ಒಳ್ಳೇ ಜೀವ, ಪಾಪ."

"ಹೂಂ. ಪಾಪ." ನನ್ನ ಮುಖವನ್ನೇ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ತಲೆ ತಗ್ಗಿಸಿ ಒಳಗೆ ಹೋದರು, ಚಹಾ ತಂದರು, ಮತ್ತೆ ಅದೇ ಜಾಗದಲ್ಲಿ ತೊಟ್ಟಿಗೆ ಅಡ್ಡವಾಗಿ ನಿಂತುಕೊಂಡರು. ನನ್ನ ಕಪ್ಪನ್ನು ಎತ್ತಿ ತಳ ನೋಡಿದೆ. ಚೀಟಿ ಸವೆದು ಹೋಗಿ ಬಿಳಿ ಗುರುತಷ್ಟೇ ಉಳಿದಿತ್ತು. ನಾನು ಬಾರದ ದಿನಗಳಲ್ಲೂ ಅದನ್ನು ತೊಳೆದಿಡುತ್ತಿದ್ದರು.

"ಸಾವಾದ ಮನೇಲಿ ಒಬ್ಬರನ್ನೇ ಬಿಡಬಾರ್ದು ಸಾರ್," ಎಂದೆ. "ನಾಳೇನೂ ಬರ್ತೀನಿ."

"ನಾಳೆಯಾ?"

"ನಾಳಿದ್ದೂ ಬರ್ತೀನಿ. ದುಃಖ ಅಷ್ಟು ಬೇಗ ಎಲ್ಲಿ ಇಳಿಯುತ್ತೆ."

ಅಷ್ಟರಲ್ಲಿ ನರ್ಸಮ್ಮ ಹೊಸ ಕೆಂಪು ಮೈಯಲ್ಲಿ ಬಿರುಕಿನಿಂದ ಪೂರ್ತಿ ಹೊರಬಂದು, ಗಾಜಿನ ಬಳಿಗೇ ಬಂದು, ಅವರ ಬೆನ್ನ ಹಿಂದೆ ನಿಂತುಕೊಂಡಿತು.

"ಸಾರ್, ಹಿಂದೆ ತಿರುಗ್ಬೇಡಿ," ಎಂದೆ.

"ಇಲ್ಲ ಬಿಡಿ," ಎಂದರು. "ತಿರುಗಲ್ಲ."