ಕಾಲುವೆ ಸೇತುವೆಯ ಮೇಲೆ ರೇಸ್ ಕಾರು

೧

ಈ ಕಥೆಯನ್ನು ಕಾರಿನಿಂದ ಶುರುಮಾಡಲೋ, ರಸ್ತೆಯ ಕಾನೂನಿನಿಂದ ಶುರುಮಾಡಲೋ ತಿಳಿಯುತ್ತಿಲ್ಲ. ಕಾರಿನಿಂದ ಶುರುಮಾಡಿದರೆ ಅದು ಓಡುತ್ತದೆ ಎಂದು ನೀವು ಕಾಯುತ್ತೀರಿ. ಅದು ಓಡುವುದಿಲ್ಲ. ಓಡುವಂತಿಲ್ಲ. ಹೆಡ್‌ಲೈಟಿಲ್ಲ, ಹಾರನ್ನಿಲ್ಲ, ನಂಬರ್ ಪ್ಲೇಟಿಲ್ಲ. ರೇಸಿಗೆ ಅವೆಲ್ಲ ಬೇಡ, ಆದರೆ ಅವಿಲ್ಲದೆ ಸರ್ಕಾರಿ ರಸ್ತೆಗೆ ಇಳಿದರೆ ಹಿಡಿದು ಸ್ಟೇಷನ್ನಿಗೆ ಹಾಕುತ್ತಾರೆ. ಹಾಗಾಗಿ ಬಳ್ಳಾರಿ ಜಿಲ್ಲೆಯಲ್ಲೇ ಅತ್ಯಂತ ಜೋರಾಗಿ ಓಡಬಲ್ಲ ವಾಹನ ಈ ಕಥೆಯ ಉದ್ದಕ್ಕೂ ಟ್ರೇಲರಿನ ಮೇಲೆ ಹಗ್ಗ ಬಿಗಿಸಿಕೊಂಡು, ಟ್ರ್ಯಾಕ್ಟರಿನ ಹಿಂದೆ, ಎತ್ತಿನ ಬಂಡಿಗಿಂತ ತುಸು ಬೇಗ ಹೋಗುತ್ತದೆ. ಇಂಥ ಕಥೆಯನ್ನು ಯಾರು ಓದುತ್ತಾರೆ ಹೇಳಿ.

ಕಾನೂನಿನಿಂದಲೂ ಶುರುಮಾಡಿ ನೋಡಿದೆ. ಅಗಲ ಇಷ್ಟು, ಉದ್ದ ಇಷ್ಟು, ಹಿಂದಕ್ಕೆ ಚಾಚಿದ್ದು ಇಷ್ಟು ಅಂತ ಒಂದು ಪುಟ ಬರೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದುಹಾಕಿದೆ. (ನೀವು ಪಾರಾದಿರಿ. ಥ್ಯಾಂಕ್ಸ್ ಹೇಳಬೇಕಿಲ್ಲ.)

೨

ಒಂದು ಮನುಷ್ಯ ಜೀವ ಇಲ್ಲದೆ ಕಥೆ ಮೇಲೇಳುವುದಿಲ್ಲ ಎಂದು ದಾಕ್ಷಾಯಣಮ್ಮನನ್ನು ಕರೆತಂದೆ. ಸಿರುಗುಪ್ಪದ ಅಕ್ಕಿ ಮಿಲ್ಲಿನ ಕೊಟ್ರಬಸಪ್ಪನ ಮಗಳು. ಕಾಲ ಎಪ್ಪತ್ತೆಂಟರ ಜನವರಿ. ಮಿಲ್ಲಿನ ಡೀಸೆಲ್ ಎಂಜಿನ್ನಿನ ಸದ್ದು ಕೇಳುತ್ತ ಬೆಳೆದವಳು. ಎಂಜಿನ್ ಕೆಮ್ಮಿದರೆ ಅದಕ್ಕೇನಾಗಿದೆ ಎಂದು ಒಳಮನೆಯಿಂದಲೇ ಕೂಗಿ ಹೇಳುತ್ತಿದ್ದಳು. ಗುಜರಿಗೆ ಬಿದ್ದಿದ್ದ ಒಂದು ಕಾರನ್ನು ಮೆಕ್ಯಾನಿಕ್ ಸುಂಕಣ್ಣನ ಜೊತೆ ಸೇರಿ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಬಿಚ್ಚಿ, ಬಡಿದು, ರೇಸ್ ಕಾರು ಮಾಡಿದ್ದಳು. ಮದ್ರಾಸಿನ ಹತ್ತಿರದ ಹಳೆಯ ಏರೋಡ್ರೋಮಿನಲ್ಲಿ ನಡೆಯುವ ಹೆಂಗಸರ ರೇಸಿಗೆ ಅವಳ ಹೆಸರು ಸೇರಿತ್ತು.

ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ನಾನು ಕೈ ತಡೆಯಲಾರದೆ ಒಬ್ಬ ವರನನ್ನು ತಂದೆ. ಹೊಸಪೇಟೆ ಕಡೆಯವನು, ಮೀಸೆಯವನು. ರೇಸಿನ ದಿನವೇ ನಿಶ್ಚಿತಾರ್ಥ ಇಟ್ಟೆ.

"ಏನ್ರೀ ಇದು" ಎಂದಳು ದಾಕ್ಷಾಯಣಮ್ಮ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆಯೇ. "ಇವನ್ಯಾಕ ಬಂದ ಇಲ್ಲಿ?"

"ಕಥೆಗೊಂದು ಸಂಘರ್ಷ ಬೇಕಮ್ಮ."

"ನನ್ ಕಾರು ಬಳ್ಳಾರಿ ಮುಟ್ಟಾದೇ ದೊಡ್ಡ ಸಂಘರ್ಷ ಐತಿ. ಇವತ್ತು ಸಂಜಿ ಗೂಡ್ಸ್ ಬಂಡಿಗೆ ಅದನ್ನ ಏರಿಸಲಿಲ್ಲಂದ್ರ ಮದ್ರಾಸಿಲ್ಲ, ರೇಸಿಲ್ಲ, ಏನೂ ಇಲ್ಲ. ಅವನ್ನ ಬಸ್ ಹತ್ತಸ್ರಿ."

ಹತ್ತಿಸಿದೆ. ಪಾಪ, ಅವನು ತಿಂಡಿಯನ್ನೂ ತಿಂದಿರಲಿಲ್ಲ.

೨ (ಮತ್ತೆ, ವರನಿಲ್ಲದೆ)

"ಇನ್ನೊಂದು ಹೇಳ್ತೀನಿ, ಬರಕೊಳ್ರಿ" ಎಂದಳು ಅವಳು. "ನಾ ಗೆಲ್ತೀನಿ ಅಂತ ಈಗ್ಲೇ ಬರೀಬ್ಯಾಡ್ರಿ. ಆ ರೇಸಿನ ಗೆರಿ ಮ್ಯಾಲ ನನ್ ಕಾರು ನಿಲ್ಲಬೇಕು. ಒಳಗ ನಾ ಕುಂತಿರಬೇಕು. ಅಷ್ಟು ಮಾಡ್ರಿ. ಬಾಕಿದ್ದು ನಾ ನೋಡ್ಕಂತೀನಿ."

ಇಷ್ಟು ಸ್ಪಷ್ಟವಾಗಿ ಏನು ಬೇಕೆಂದು ಹೇಳುವ ಪಾತ್ರ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ನನ್ನ ಪಾತ್ರಗಳೆಲ್ಲ ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುವಂಥವು. ನನಗೆ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು.

೩

ಈಗ ಟ್ರೇಲರು. ಅದನ್ನು ಮಾಡಿದವನು ಸುಂಕಣ್ಣ. ಒಳ್ಳೆಯ ಕೆಲಸಗಾರ, ಆದರೆ ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಹುಲ್ಲು ಹೇರುವ ಟ್ರೇಲರುಗಳೇ. ಹುಲ್ಲಿನ ಟ್ರೇಲರಿಗೆ ಎರಡೂ ಕಡೆ ಕಬ್ಬಿಣದ ತೋಳುಗಳು ಹೊರಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಹೊರೆ ನಿಲ್ಲುವುದಿಲ್ಲ. ರೇಸ್ ಕಾರಿಗೆ ತೋಳು ಯಾಕೆ? ಕೈ ರೂಢಿ. ಬೆಸುಗೆ ಹಾಕಿ, ಬಣ್ಣ ಬಳಿದು, ನಿಂತು ನೋಡಿದ ಮೇಲೇ ಅವನಿಗೆ ತಿಳಿದದ್ದು: ಟ್ರೇಲರು ಕಾನೂನಿಗಿಂತ ಅಗಲವಾಗಿತ್ತು, ಹತ್ತಡಿ ಮುಟ್ಟುತ್ತಿತ್ತು.

"ತೋಳು ಕತ್ತರಿಸಿಬಿಡು ಸುಂಕಣ್ಣ" ಎಂದೆ.

"ಕತ್ತರಿಸಿದ್ರ ಅಚ್ಚಿನ ಹಿಡಿತಾನೇ ಹೋಗ್ತೈತ್ರಿ. ತಿರುಗಿ ಕಟ್ಟಾಕ ಒಂದ್ ವಾರ ಬೇಕು. ನೀವು ಗೂಡ್ಸ್ ಬಂಡಿನ ಒಂದ್ ವಾರ ತಡಾ ಮಾಡ್ತೀರೇನು?"

ಮಾಡಬಹುದಿತ್ತು. ನಾನು ಲೇಖಕ. ಆದರೆ ರೈಲ್ವೆಯವರ ಜೊತೆ ಯಾಕೆ ಜಗಳ ಎಂದು ಸುಮ್ಮನಾದೆ.

ಅಗಲದ ಟ್ರೇಲರು ರಸ್ತೆಗಿಳಿಯಲು ಸ್ಪೆಷಲ್ ಪರ್ಮಿಟ್ಟು ಬೇಕು. ಅದನ್ನು ಕೊಡಬೇಕಾದವರು ವಾಹನ ತಪಾಸಣೆ ಮಾಡುವ, ಖಾಕಿ ತೊಟ್ಟ ಬ್ರೇಕ್ ಇನ್ಸ್‌ಪೆಕ್ಟರ್ ಚಿದಾನಂದಪ್ಪ. ಇವರನ್ನು ನಾನು ಖಳನಾಗಿ ಸಾಕುತ್ತಿದ್ದೆ. ಮೊದಲ ಡ್ರಾಫ್ಟಿನಲ್ಲಿ ಅವರ ಮೇಜಿನ ಡ್ರಾಯರನ್ನು ಒಂದು ನೋಟು ತೂರುವಷ್ಟು ತೆರೆದಿಟ್ಟಿದ್ದೆ. ಅವರು ನನ್ನನ್ನೊಮ್ಮೆ ನೋಡಿ, ಡ್ರಾಯರನ್ನು ತಾವೇ ಮುಚ್ಚಿ, ಷರತ್ತುಗಳನ್ನು ಹೇಳಿದರು. ಹಗಲಲ್ಲೇ ಹೋಗಬೇಕು. ಎರಡೂ ಮೂಲೆಗೆ ಕೆಂಪು ಬಟ್ಟೆ ಕಟ್ಟಬೇಕು. ನೇರ ರಸ್ತೆಯಲ್ಲಿ ರಿಪೇರಿ ಇದೆ, ಆದ್ದರಿಂದ ಸಿರಿಗೇರಿ, ಕುರುಗೋಡಿನ ಮೇಲೆ ಹಾದು ಹೋಗಬೇಕು. ಟ್ರೇಲರಿನ ಮೇಲೆ ಮನುಷ್ಯರು ಕೂರಬಾರದು. ಕಾರು ಬಿಟ್ಟು ಬೇರೆ ಸರಕು ಹೇರಬಾರದು. ಕಾರಿನ ಚಕ್ರ ಉರುಳದಂತೆ ಗಟ್ಟಿಯಾಗಿ ಅಡೆ ಕೊಡಬೇಕು.

"ಒಂದ್ ತಪ್ಪಿದ್ರೂ ಅಲ್ಲೇ ನಿಲ್ಲಿಸ್ತೀನಿ" ಎಂದರು. "ಮೋಟಾರ್ ಸೈಕಲ್ ಮ್ಯಾಲ ನಾನೇ ಹಿಂದ ಬರ್ತೀನಿ."

ಇರಲಿ, ಖಳ ಅಂದರೆ ಹೀಗೆಯೇ ಇರಬೇಕು ಎಂದು ನಾನು ಒಳಗೊಳಗೇ ಕೈ ಉಜ್ಜಿಕೊಂಡೆ.

೫

(ನಾಲ್ಕು ಎಲ್ಲಿ ಎಂದು ಹುಡುಕಬೇಡಿ. ನಾಲ್ಕರಲ್ಲಿ ಸಿರಿಗೇರಿಯವರೆಗಿನ ಪ್ರಯಾಣವಿತ್ತು. ಏನೂ ಆಗಲಿಲ್ಲ. ಜನ ನಿಂತು ನೋಡಿದರು. ಒಬ್ಬ ಅಜ್ಜ "ಇದು ಏರೋಪ್ಲೇನಿನ ಮರಿ ಏನು" ಎಂದು ಕೇಳಿದ. ಅಷ್ಟೇ.)

ಸಿರಿಗೇರಿ ದಾಟಿ ಕುರುಗೋಡಿನ ದಾರಿಯಲ್ಲಿ ಒಂದು ಕಾಲುವೆ ಸೇತುವೆ. ಸೇತುವೆಯ ಅಗಲ ಟ್ರೇಲರಿನ ಅಗಲಕ್ಕಿಂತ ಒಂದು ಗೇಣು ಹೆಚ್ಚಿರಬಹುದು. ದಾಕ್ಷಾಯಣಮ್ಮ ತಾನೇ ಟ್ರ್ಯಾಕ್ಟರು ನಡೆಸುತ್ತಿದ್ದಳು. ಸುಂಕಣ್ಣ ಹಿಂದೆ ನಡೆದು ಎಡಗಡೆ, ಬಲಗಡೆ ಎಂದು ಕೂಗುತ್ತಿದ್ದ. ಟ್ರ್ಯಾಕ್ಟರೂ ಟ್ರೇಲರೂ ಸೇತುವೆಗೆ ಪೂರ್ತಿ ಏರಿದ್ದವು. ಅಷ್ಟರಲ್ಲಿ ಆ ಕಡೆಯಿಂದ ನೆಲ್ಲಿನ ಬಂಡಿಗಳ ಸಾಲು ಬಂತು. ಸಿರುಗುಪ್ಪದ ಮಿಲ್ಲುಗಳಿಗೆ ಭತ್ತ ಹೊತ್ತು ಹೊರಟ ಬಂಡಿಗಳು. ಮೊದಲ ಎರಡು ಬಂಡಿ ಸೇತುವೆಗೆ ಏರಿಯೇಬಿಟ್ಟವು. ಎತ್ತಿನ ಮೂತಿ ಟ್ರ್ಯಾಕ್ಟರಿನ ಮೂತಿಗೆ ತಾಗುವಷ್ಟು ಹತ್ತಿರ ಬಂದು ನಿಂತವು.

ಆ ಸೇತುವೆಗೆ ಒಂದು ರಿವಾಜಿತ್ತು. ಸರ್ಕಾರ ಬರೆದದ್ದಲ್ಲ, ಬಂಡಿಯವರು ತಾವೇ ಮಾಡಿಕೊಂಡದ್ದು. ಹೇರಿದ ಬಂಡಿಗೆ ಖಾಲಿ ಬಂಡಿ ಹಿಂದೆ ಸರಿದು ದಾರಿ ಬಿಡಬೇಕು. ಎರಡೂ ಹೇರಿದ್ದಾದರೆ ಯಾರು ಮೊದಲು ಏರಿದರೋ ಅವರದು ದಾರಿ. ಇದನ್ನು ಮೀರಿದವನಿಗೆ ಮುಂದೆ ಆ ರಸ್ತೆಯಲ್ಲಿ ಬಂಡಿ ಕೆಸರಲ್ಲಿ ಹೂತರೂ ಯಾರೂ ಹೆಗಲು ಕೊಡುತ್ತಿರಲಿಲ್ಲ.

ಮುಂದಿನ ಬಂಡಿಯವನು ರೂಪನಗುಡಿಯ ಎರ್ರಣ್ಣ, ದಾಕ್ಷಾಯಣಮ್ಮನ ಮಿಲ್ಲಿಗೂ ನೆಲ್ಲು ತರುವವನು. ಇಳಿದು ಬಂದ.

"ನೀನು ಮೊದ್ಲು ಏರಿದ್ದು ಖರೆ, ಯಮ್ಮಾ. ಇಲ್ಲಂಬಂಗಿಲ್ಲ. ಆದ್ರ ನಿಂದು ಖಾಲಿ ಬಂಡಿ. ಹಿಂದಕ್ಕ ತಗಿ."

"ಖಾಲಿ ಹೆಂಗಾತು ಎರ್ರಣ್ಣಾ? ಮ್ಯಾಲ ಕಾರ್ ಐತಲ್ಲ."

ಎರ್ರಣ್ಣ ಸೇತುವೆಯ ಅಂಚಿನ ಕಟ್ಟೆ ಹತ್ತಿ ಟ್ರೇಲರಿನ ಸುತ್ತ ಒಂದು ಸುತ್ತು ಬಂದ. ಕಾರಿನೊಳಗೆ ಇಣುಕಿದ. "ಕಾರು ಅಂದ್ರೇನು? ಅದೂ ಒಂದು ಬಂಡಿನೇ. ಬಂಡಿ ಮ್ಯಾಲ ಬಂಡಿ ಇಟ್ರ ಹೇರಿದಂಗ ಆಕ್ಕೈತೇನು? ಆ ಮ್ಯಾಲಿನ ಬಂಡ್ಯಾಗ ಏನೈತಿ? ಒಂದು ಸೀಟೈತಿ, ಅದೂ ಬರೇದು. ನನ್ ಲೆಕ್ಕದಾಗ ಇವು ಎರಡು ಖಾಲಿ ಬಂಡಿ."

 ಕಥೆಯೊಳಗೆ ಕಥೆ ಇಟ್ಟು ಒಳಗಿನದರಲ್ಲಿ ಏನೂ ಇಡದೆ ಹೆಸರು ಮಾಡಿದವನು ನಾನು. ನನ್ನ ಇಡೀ ಜೀವಮಾನದ ಬರವಣಿಗೆಯ ಮೇಲೆ ಇಷ್ಟು ಸರಿಯಾದ ವಿಮರ್ಶೆ ಯಾರೂ ಬರೆದಿಲ್ಲ.

ಹಿಂದಕ್ಕೆ ತೆಗೆಯುವುದೂ ಆಗುತ್ತಿರಲಿಲ್ಲ. ಒಂದು ಗೇಣು ಜಾಗದಲ್ಲಿ ಟ್ರೇಲರನ್ನು ರಿವರ್ಸ್ ತೆಗೆದರೆ ಹಿಂಭಾಗ ಹೊರಳಿ ಕಟ್ಟೆಗೆ ಬಡಿಯುತ್ತದೆ, ಕಟ್ಟೆ ಮುರಿದರೆ ಕಾರು ಕಾಲುವೆಗೆ. ಬಿಸಿಲು ತಲೆಯ ಮೇಲಿಂದ ಪಡುವಣಕ್ಕೆ ವಾಲಿತು. ಗೂಡ್ಸ್ ಬಂಡಿ ಯಾರಿಗೂ ಕಾಯುವುದಿಲ್ಲ. ದಾಕ್ಷಾಯಣಮ್ಮನ ಮುಖ ಸಣ್ಣದಾದದ್ದನ್ನು ನಾನು ಮೊದಲ ಸಲ ನೋಡಿದೆ, ನನಗೂ ಸಂಕಟವಾಯಿತು.

೫ (ಬೇರೆ ದಾರಿ)

ನಿಜ ಹೇಳಬೇಕೆಂದರೆ ಇಲ್ಲಿ ನಾನು ಕಾರನ್ನು ಕಾಲುವೆಗೆ ತಳ್ಳಿದೆ. ಚೆನ್ನಾಗಿ ಬಂದಿತ್ತು. ನೀರು, ಗುಳ್ಳೆ, ತೇಲುವ ಕೆಂಪು ಬಟ್ಟೆ. ಸಾಹಿತ್ಯದ ಮಂದಿಗೆ ಮುಳುಗಿದ ಕಾರು ಬಹಳ ಹಿಡಿಸುತ್ತದೆ. ಅದರ ಮೇಲೆ ವಿಚಾರ ಸಂಕಿರಣ ಮಾಡಬಹುದು.

"ಕಾರ್ಬೊರೇಟರ್‌ನಾಗ ನೀರು ಹೋದ್ರ ಬಿಚ್ಚಿ ತೊಳಿಯಾಕ ನೀವ್ ಬರ್ತೀರೇನು?" ಎಂದ ಸುಂಕಣ್ಣ.

ಬರುವುದಿಲ್ಲ. ಆ ಪುಟ ತೆಗೆದೆ.

೬

"ಖಾಲಿ ಅಂದ್ರ ತುಂಬಿದ್ರ ಆತಲ್ಲ" ಎಂದಳು ದಾಕ್ಷಾಯಣಮ್ಮ. "ಎರ್ರಣ್ಣಾ, ನಿನ್ ಬಂಡ್ಯಾಗಿಂದ ನಾಕು ಚೀಲ ನನ್ ಟ್ರೇಲರಿಗೆ ಹಾಕು. ಸೇತುವಿ ದಾಟಿದ ಕೂಡ್ಲೇ ಇಳಿಸ್ಕೊ."

ಎರ್ರಣ್ಣ ಹಿಂದಿನ ಬಂಡಿಯವರನ್ನು ಕೇಳಿದ. ಅವರು ತಲೆ ಆಡಿಸಿದರು. ನೆಲ್ಲಿದ್ದರೆ ಅದು ಹೇರಿದ ಬಂಡಿಯೇ, ಎರಡು ಮಾತಿಲ್ಲ, ಮೊದಲು ಏರಿದವಳಿಗೆ ದಾರಿ.

ಆಗ ಹಿಂದಿನಿಂದ ಚಿದಾನಂದಪ್ಪ ಬಂದರು. ನಾನು ಕಾಯುತ್ತಿದ್ದ ಗಳಿಗೆ.

"ಬೇರೆ ಸರಕು ಹೇರಂಗಿಲ್ಲ ಅಂತ ಹೇಳೀನಿ" ಎಂದರು. "ಒಂದ್ ಚೀಲ ಏರಿದ್ರೂ ಪರ್ಮಿಟ್ ರದ್ದು."

  ಸರ್ಕಾರದ ಕಾನೂನಿಗೆ ಟ್ರೇಲರು ಖಾಲಿಯಿರಬೇಕು, ರಸ್ತೆಯ ರಿವಾಜಿಗೆ ತುಂಬಿರಬೇಕು. ನಾನು ಪೆನ್ನು ಎತ್ತಿ, ಇಲ್ಲಿಗೆ ಮುಗಿಸೋಣ, ಅಧಿಕಾರಶಾಹಿಯ ಅಸಂಗತತೆ, ವಾಹ್, ಎಂದುಕೊಳ್ಳುತ್ತಿದ್ದೆ.

"ಸಾಹೇಬ್ರ" ಎಂದಳು ದಾಕ್ಷಾಯಣಮ್ಮ. ಬೇಡುವ ದನಿಯಲ್ಲ. "ಈ ಕಾರು ಮಾಡಾಕ ನನಗ ಎರಡು ವರ್ಷ ಹಿಡದೈತಿ. ನಿಮ್ ಒಂದ್ ಮಾತೂ ನಾ ಮೀರಿಲ್ಲ. ಏನ್ ಮಾಡ್ಲಿ, ನೀವೇ ಹೇಳ್ರಿ."

ಚಿದಾನಂದಪ್ಪ ಟ್ರೇಲರಿನ ಹತ್ತಿರ ಹೋದರು. ಬಗ್ಗಿ, ಕಾರಿನ ಚಕ್ರಕ್ಕೆ ಕೊಟ್ಟಿದ್ದ ಮರದ ಅಡೆಯನ್ನು ಮುಷ್ಟಿಯಿಂದ ಗುದ್ದಿದರು. ಅದು ಸ್ವಲ್ಪ ಅಲುಗಿತು.

"ಈ ಅಡಿ ನನಗ ಸರಿ ಕಾಣವಲ್ದು" ಎಂದರು. "ಸೇತುವಿ ಇಳಿಜಾರಿನಾಗ ಚಕ್ರ ಉರುಳಿದ್ರ? ಗಟ್ಟಿ ಅಡಿ ಕೊಡಬೇಕು ಅಂತ ಷರತ್ತೈತಿ. ಭಾರಾದ್ದು ಏನರ ಇಡ್ರಿ. ಏನ್ ಇಡ್ತೀರಿ ಅನ್ನಾದು ನಾ ಕೇಳಂಗಿಲ್ಲ, ಗಟ್ಟಿ ಇರಬೇಕಷ್ಟ." ಹೇಳಿ, ಬೆನ್ನು ತಿರುಗಿಸಿ, ಕಾಲುವೆಯ ನೀರನ್ನು ನೋಡುತ್ತ ನಿಂತರು.

(ನಾನು ಬರೆದ ಸಾಲಲ್ಲ ಇದು. ನನ್ನ ಖಳ ಕೈಕೊಟ್ಟ. ಹೇಳುವಾಗ ಒಂದಿಷ್ಟೂ ನಗಲಿಲ್ಲ ಅವರು.)

ನಾಲ್ಕು ಚೀಲ ನೆಲ್ಲು ಎರ್ರಣ್ಣನ ಕಡೆಯವರ ಹೆಗಲೇರಿ ಕಟ್ಟೆಯ ಮೇಲಿಂದ ಬಂದು ನಾಲ್ಕು ಚಕ್ರಗಳಿಗೆ ಒತ್ತಿ ಕೂತವು. ಎರ್ರಣ್ಣ ಮತ್ತೊಂದು ಸುತ್ತು ಬಂದು ನೋಡಿದ. ಒಂದು ಚೀಲವನ್ನು ತಟ್ಟಿದ.

"ಹೇರಿದ ಬಂಡಿ" ಎಂದ ಗಟ್ಟಿಯಾಗಿ, ಸಾಲಿನ ಕೊನೆಯ ಬಂಡಿಗೂ ಕೇಳುವಂತೆ. "ಎತ್ತು ಬಿಚ್ರಲೇ."

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಇಷ್ಟು ಹೊತ್ತು ಅಡ್ಡ ನಿಂತವರು ಅವರೇ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಎತ್ತು ಬಿಚ್ಚಿ, ಬಂಡಿಯ ಮುಂದಿನ ಮೂಕಿ ಮರ ಹಿಡಿದು, ಗಾಲಿಗೆ ಹೆಗಲು ಕೊಟ್ಟು, ತುಂಬಿದ ಬಂಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಉರುಳಿಸಿದರು. ಉಳಿದವರು ಟ್ರೇಲರಿನ ಎರಡೂ ಪಕ್ಕ ಕಟ್ಟೆಯ ಮೇಲೆ ನಿಂತು ಬೆರಳಲ್ಲಿ ಜಾಗ ಅಳೆಯುತ್ತ ದಾರಿ ಹೇಳಿದರು. ಸುಂಕಣ್ಣನ ಕಬ್ಬಿಣದ ತೋಳು ಒಂದು ಕಡೆ ಕಟ್ಟೆಯ ಸುಣ್ಣ ಕೆರೆದು ಬಿಳಿ ಗೆರೆ ಎಳೆಯಿತು, ಅಷ್ಟೇ. ಹಿಂದಿನ ಚಕ್ರ ಮಣ್ಣಿಗಿಳಿದದ್ದೇ ತಡ, ಬಂಡಿಯವರ ಕೂಗಿಗೆ ಹೊಲದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ದಾಕ್ಷಾಯಣಮ್ಮ ಟ್ರ್ಯಾಕ್ಟರಿನ ಮೇಲೆ ಎದ್ದು ನಿಂತು ಕೈ ಮುಗಿದಳು. ನಾನೂ ಕೂಗಿದೆ. ಲೇಖಕ ಕೂಗಬಾರದು ಅಂತ ಎಲ್ಲಿ ಬರೆದಿದೆ?

ಚೀಲಗಳು ಇಳಿದು ತಮ್ಮ ಬಂಡಿ ಸೇರಿದವು. ಚಿದಾನಂದಪ್ಪ ಒಂದು ಕಲ್ಲು ತಗೊಂಡು ಮರದ ಅಡೆಗಳನ್ನು ತಾವೇ ಬಡಿದು ಗಟ್ಟಿ ಮಾಡಿದರು. "ಈಗ ಸರಿ ಐತಿ" ಎಂದು ಮೋಟಾರ್ ಸೈಕಲ್ಲಿನ ಕಿಕ್ ಒದ್ದರು.

"ನನ್ ನೆಲ್ಲೂ ರೇಸ್ ಕಾರ್ ಜತಿ ಹೋಗಿ ಬಂತು ನೋಡ್ರಲೇ" ಎಂದು ಎರ್ರಣ್ಣ ಹೇಳುತ್ತಿದ್ದದ್ದು ಬಹಳ ದೂರದವರೆಗೆ ಕೇಳುತ್ತಿತ್ತು.

೭

ಕುರುಗೋಡು ಹಿಂದೆ ಸರಿಯಿತು. ಬಳ್ಳಾರಿಯ ಬಂಡೆಗುಡ್ಡ ಎದುರಿಗೆ ಎದ್ದು ನಿಂತಿತು. ಹೊತ್ತು ಮುಳುಗಲು ಇನ್ನೂ ಸಮಯವಿದ್ದಾಗಲೇ ಟ್ರೇಲರು ಗೂಡ್ಸ್ ಶೆಡ್ಡಿನ ಅಂಗಳಕ್ಕೆ ಬಂತು. ಹಮಾಲರು, ಜಟಕಾದವರು, ಚಹಾ ಅಂಗಡಿಯವನು ಎಲ್ಲರೂ ಸೇರಿ ಕಾರನ್ನು ವ್ಯಾಗನ್ನಿನೊಳಕ್ಕೆ ನೂಕಿದರು. ಅವರಲ್ಲಿ ಒಬ್ಬರು ಖಾಕಿ ಬಟ್ಟೆಯವರೂ ಇದ್ದರು. ಯಾರೆಂದು ನಾನು ಹೇಳುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ.

೮, ೮ ಮತ್ತು ೮

ಈಗ ಎಂಡಿಂಗ್. ನನ್ನ ಹತ್ತಿರ ಮೂರಿವೆ. ಒಂದರಲ್ಲಿ ಅವಳು ಗೆಲ್ಲುತ್ತಾಳೆ. ಇನ್ನೊಂದರಲ್ಲಿ ಕೊನೆಯವಳಾಗಿ ಬಂದರೂ ಜನ ಅವಳ ಸುತ್ತಲೇ ಸೇರುತ್ತಾರೆ. ಮೂರನೆಯದರಲ್ಲಿ ಎಂಜಿನ್ ನಡುವೆ ಕೆಟ್ಟು ಅವಳು ಅಲ್ಲೇ ಇಳಿದು ರಿಪೇರಿ ಮಾಡುತ್ತಾಳೆ. ಮೂರನ್ನೂ ಹಿಡಿದುಕೊಂಡು ಮದ್ರಾಸಿಗೆ ಹೋದೆ.

ಏರೋಡ್ರೋಮಿನ ರನ್‌ವೇ ಮೇಲೆ ಸುಣ್ಣದ ಗೆರೆ. ಆ ಗೆರೆಯ ಮೇಲೆ ಸಿರುಗುಪ್ಪದ ಕಾರು. ಒಳಗೆ ದಾಕ್ಷಾಯಣಮ್ಮ. ನಾನು ಬಗ್ಗಿ, "ಯಾವುದು ಬೇಕು ಹೇಳಮ್ಮ, ಅದನ್ನೇ ಇಡ್ತೀನಿ" ಎಂದೆ.

ಅವಳು ಬಾಯಿ ಆಡಿಸಿದಳು. ಎಂಜಿನ್ನಿನ ಸದ್ದಿಗೆ ಒಂದೂ ಕೇಳಿಸಲಿಲ್ಲ. ಕಿವಿ ಮುಂದೆ ಮಾಡಿದೆ. ಅವಳು ಕೈ ಬೀಸಿದಳು: ಅತ್ಲಾಗ ಸರೀರಿ, ಸರೀರಿ. ನಾನು ಗೆರೆಯಿಂದ ಹಿಂದೆ ಸರಿದೆ. ಅಷ್ಟು ಸಂತೋಷದ ಮುಖವನ್ನು ನಾನು ಇಲ್ಲಿಯವರೆಗೆ ಬರೆದಿಲ್ಲ, ಮುಂದೆಯೂ ಬರೆಯಲಾರೆ.

ಬಾವುಟ ಬಿತ್ತು. ನಾನು "ಕಾರು ಹೊರಟಿತು" ಎಂಬ ವಾಕ್ಯ ಶುರುಮಾಡುವಷ್ಟರಲ್ಲಿ ಅವಳು ಮೊದಲ ತಿರುವಿನಲ್ಲಿದ್ದಳು. ಆ ತಿರುವಿನಾಚೆ ನಾನು ಬರೆಯಲು ಕೂತಲ್ಲಿಂದ ಕಾಣುವುದಿಲ್ಲ.