ಕೇಳದೆ ಬಿಟ್ಟ ಪ್ರಶ್ನೆ

ಜಲಸಾರಿಗೆ ಇಲಾಖೆಯ ಕಾರ್ಯದರ್ಶಿ ಗು ಬೊನ್‌ಸೂ ಈವರೆಗೆ ನಾಲ್ವರು ಸಚಿವರನ್ನು ನೇಮಕಕ್ಕೆ ಮುಂಚೆ ಸಂಸತ್ತು ನಡೆಸುವ ವಿಚಾರಣೆಗೆ ಅಣಿಗೊಳಿಸಿದ್ದ. ಐದನೆಯ ಹೆಸರು ತನ್ನದೇ ಎಂದು ನಂಬಿ ರಾಜಧಾನಿ ಸೋಲ್‌ನಲ್ಲಿ ಸೂಟು ಹೊಲಿಯಲೂ ಕೊಟ್ಟಿದ್ದ. ರಾಷ್ಟ್ರಾಧ್ಯಕ್ಷರ ಕಚೇರಿಯಿಂದ ಬಂದದ್ದು ಮಾ ಯೂನ್‌ಜಾಳ ಹೆಸರು. ಹಿಂದೆ ಅವನ ಕೈಕೆಳಗೆ ಕಡತ ಹೊತ್ತು ಓಡಾಡಿದವಳು. ಕರಡು ಬರೆಯುವುದನ್ನು ಅವನೇ ತಿದ್ದಿ ಕಲಿಸಿದ್ದ.

"ಅಣಕು ವಿಚಾರಣೇಲಿ ನೀವೇ ಪ್ರಶ್ನೆ ಕೇಳಿ ಸರ್. ದಾಕ್ಷಿಣ್ಯ ಬೇಡ," ಎಂದಳು ಅವಳು.

"ಆಗ್ಲಿ... ಮೇಡಂ."

ಐದು ದಿನ ಅವಳನ್ನು ಪ್ರಶ್ನೆಗಳಲ್ಲಿ ಅರೆದ. ಮಗನ ಕಡ್ಡಾಯ ಸೇನಾ ಸೇವೆ, ಹಳೆಯ ಪ್ರಬಂಧದ ಮೇಲಿನ ನಕಲಿನ ಆರೋಪ, ಮಗಳ ಶಾಲೆಗಾಗಿ ಬದಲಿಸಿದ ವಿಳಾಸ. ತಪ್ಪಿದ್ದಲ್ಲಿ ಅವಳು "ತಪ್ಪಾಯ್ತು" ಎಂದುಬಿಡುತ್ತಿದ್ದಳು. ಕಿರಿಯ ಅಧಿಕಾರಿಗಳು ತಲೆದೂಗಿದಾಗೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಒಂದು ಪ್ರಶ್ನೆಯನ್ನು ಮಾತ್ರ ಅವನು ಪಟ್ಟಿಯಿಂದ ತೆಗೆದಿಟ್ಟ. ಕಳೆದ ಚಳಿಗಾಲದಲ್ಲಿ ಒಂದು ಪುಟ್ಟ ದ್ವೀಪಕ್ಕೆ ಜನ, ಸಾಮಾನು ಸಾಗಿಸುವ ಲಾಂಚ್ ದೋಣಿಯನ್ನು ನಿಲ್ಲಿಸಿದ್ದರು. ಆ ಆದೇಶಕ್ಕೆ ಸಹಿ ಹಾಕಿದ್ದು ಅವನೇ. ವಿರೋಧ ಪಕ್ಷದವರು ಅದನ್ನು ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಂದು ಸಲವಾದರೂ ಇವಳು ಎಡವಲಿ, ಎಂದುಕೊಂಡ.

ವಿಚಾರಣೆಯ ದಿನ ಅವನು ಅವಳ ಬೆನ್ನ ಹಿಂದೆಯೇ ಕೂತ. ಮಧ್ಯಾಹ್ನ ವಿರೋಧ ಪಕ್ಷದ ಸಂಸದ ಪ್ಯೋ ಮೇಜು ಕುಟ್ಟಿದ.

"ನಲವತ್ತು ದಿನ ಲಾಂಚ್ ಇಲ್ಲ. ಆ ದ್ವೀಪದ ಮುದುಕರಿಗೆ ಮಾತ್ರೆ ಸಿಗ್ಲಿಲ್ಲ. ಯಾರ್ರೀ ಹೊಣೆ? ಇಲಾಖೆ ಬೇಕು, ಇಲಾಖೆ ಸುದ್ದಿ ಬೇಡ್ವಾ?"

ಯೂನ್‌ಜಾ ಹಿಂದಕ್ಕೆ ತಿರುಗಿದಳು. ಅವನ ಬೆರಳು ಲಾಂಚ್ ನಿಲ್ಲಿಸಿದ ಆದೇಶದ ಹಾಳೆಯ ಮೇಲೇ ಇತ್ತು.

"ಕೊಡಿ ಸರ್."

ಅಷ್ಟೂ ಕ್ಯಾಮೆರಾಗಳ ಮುಂದೆ ಕೊಡದೆ ಗತಿಯಿರಲಿಲ್ಲ. ಅವಳು ಓದಿದಳು, ಕೆಳಗಿನ ಸಹಿಯನ್ನೂ ಕಂಡಳು.

"ಇದು ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಬೇಕಿತ್ತು. ನಾನು ಸಚಿವೆ ಆದ್ರೆ ಇಲಾಖೆ ಮಾಡಿದ ತಪ್ಪೆಲ್ಲ ನಂದೇ."

"ಸಹಿ ಯಾರದ್ದು?"

"ಅವ್ರನ್ನ ನಾನು ಕೇಳ್ತೀನಿ. ನೀವು ನನ್ನ ಕೇಳಿ."

ಪ್ಯೋ ಗೊಣಗುತ್ತ ಮುಂದಿನ ಪ್ರಶ್ನೆಗೆ ಹೋದ. ಎರಡು ದಿನದ ಬಳಿಕ ಸಂಸತ್ತಿನ ಸಮಿತಿ ಅವಳ ನೇಮಕಕ್ಕೆ ಒಪ್ಪಿಗೆಯ ವರದಿ ಕೊಟ್ಟಿತು.

ಅಂದು ಸಂಜೆ ಅವಳು ಅವನನ್ನು ಕೋಣೆಗೆ ಕರೆಸಿದಳು. "ಆ ಪ್ರಶ್ನೆ ಬೇಕಂತ್ಲೇ ಬಿಟ್ರಾ ಸರ್?"

ಅವನು ಮೇಜಿನ ಮೇಲಿದ್ದ ಆದೇಶದ ಹಾಳೆಯನ್ನು ಮಡಚತೊಡಗಿದ.

"ಸೋಮವಾರ ದ್ವೀಪಕ್ಕೆ ಹೋಗೋಣ. ಕ್ಷಮೆ ನೀವು ಕೇಳಿ, ಪಕ್ಕದಲ್ಲಿ ನಾನಿರ್ತೀನಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಜಾಗದಲ್ಲಿ ತಾನಿದ್ದರೆ ಯಾರೋ ಕಿರಿಯನ ಹೆಸರು ಹೇಳಿ ಪಾರಾಗುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಅಷ್ಟು ದಿನ ಅವನಿಗೆ ಹೊಟ್ಟೆಕಿಚ್ಚಿದ್ದದ್ದು ಅವಳ ಕುರ್ಚಿಯ ಬಗ್ಗೆ. ಈಗ ಅವಳ ಬಗ್ಗೆಯೇ.